ಒಂದು ಪಾಳಿಗೆ ನಲವತ್ತು ನೂರು

ನಮ್ಮೂರಿನಲ್ಲಿ ಗಡಿಯಾರ ನಡೆಯುವುದಿಲ್ಲ. ಕಲ್ಲುಸೇತುವೆ ದಾಟಿ ಈಚೆ ಬಂದರೆ ಬಸ್ಸಿನ ಡ್ರೈವರನ ಕೈಗಡಿಯಾರವೂ ನಿಂತುಬಿಡುತ್ತದೆ. ವಾಪಸು ಹೋಗುವಾಗ ಆತ ಸೇತುವೆಯ ಆಚೆ ಗಾಡಿ ನಿಲ್ಲಿಸಿ, ಕಂಡಕ್ಟರನನ್ನು ಬೈಯುತ್ತ ಮುಳ್ಳು ತಿರುಗಿಸಿಕೊಳ್ಳುತ್ತಾನೆ. ಮೊಬೈಲುಗಳಲ್ಲಿ ಹೊತ್ತು ತೋರಿಸುವ ಕಡೆ ಎರಡು ಚುಕ್ಕೆ ಮಾತ್ರ ಮಿಣುಕುತ್ತಿರುತ್ತವೆ. ಇದರಿಂದ ಯಾರಿಗೂ ಅಂಥ ತೊಂದರೆಯಿಲ್ಲ. ಅನ್ನ ಬೇಯಲು ಹದಿನೈದು ನೂರು ಬಡಿತ, ಮೊಟ್ಟೆಗೆ ಎಂಟು ನೂರು ಎಂದು ಹೆಂಗಸರು ಮಣಿಕಟ್ಟು ಹಿಡಿದುಕೊಂಡೇ ಒಲೆಯ ಮುಂದೆ ಕೂರುತ್ತಾರೆ. ಹೊಸದಾಗಿ ಮದುವೆಯಾದವರ ಮನೆಯಲ್ಲಿ ಒಂದಿಷ್ಟು ದಿನ ಅನ್ನ ಗಟ್ಟಿಯಾಗಿಯೇ ಇರುತ್ತದೆ, ಅತ್ತೆಯರು ಅದನ್ನು ಮಾತಿಲ್ಲದೆ ನುಂಗುತ್ತಾರೆ. ಜ್ವರ ಬಂದವರನ್ನು ಒಲೆಯ ಹತ್ತಿರ ಬಿಡುವುದಿಲ್ಲ.

ಮನೆಯ ಕೆಲಸಕ್ಕೆ ಅವರವರ ನಾಡಿ ಸಾಕು. ಕೆರೆಯ ನೀರಿಗೆ ಸಾಲದು. ನೀರಿನ ವಿಷಯ ಬಂದಾಗ ಪ್ರತಿಯೊಬ್ಬನೂ ತನ್ನ ಎದೆ ಊರಿಗೆಲ್ಲ ನಿಧಾನ ಎಂದು ಆಣೆ ಇಡುತ್ತಾನೆ. ಗದ್ದೆಯಲ್ಲಿ ಕೋಲು ನೆಟ್ಟು ನೀರಿನ ಎತ್ತರ ಅಳೆಯೋಣವೆಂದರೆ ಗದ್ದೆಯಿಂದ ಗದ್ದೆಗೆ ಇಂಗುವುದೇ ಬೇರೆ. ಹಾಗಾಗಿ ಕೆರೆಯ ತೂಬಿನ ಪಕ್ಕದ ಕಲ್ಲಿನ ಮೇಲೆ ಒಬ್ಬರನ್ನು ಕೂರಿಸಿರುತ್ತಾರೆ. ಆ ಒಬ್ಬರ ನಾಡಿ ಊರಿನ ನಾಡಿ. ತೂಬಿನಡಿ ಒಂಬತ್ತು ಗದ್ದೆ, ಒಂದೊಂದಕ್ಕೆ ನಲವತ್ತು ನೂರು ಬಡಿತದಷ್ಟು ನೀರು. ನೂರಾದಾಗ ಒಂದು ಹುಣಸೆಬೀಜ ಈ ಕುಡಿಕೆಯಿಂದ ಆ ಕುಡಿಕೆಗೆ ಹಾಕಬೇಕು, ನಲವತ್ತು ಬೀಜ ಬಿದ್ದರೆ ಕಾಲುವೆಯಲ್ಲಿ ಆ ಗದ್ದೆಯ ಗಂಡಿಗೆ ಹಲಗೆ ಇಳಿಸಿ ಮುಂದಿನ ಗಂಡಿಯ ಹಲಗೆ ಎತ್ತಬೇಕು. ನಮ್ಮಪ್ಪ ಇಪ್ಪತ್ತೆರಡು ವರ್ಷ ಅಲ್ಲಿ ಕೂತಿದ್ದರು. ಅವರು ತೀರಿಕೊಂಡ ಮೇಲೆ ಊರಿನ ಹಿರಿಯರು ಮೂರು ಜನ ನನ್ನ ಕೈ ಹಿಡಿದು ನೋಡಿ, ಎತ್ತು ಮೆಲುಕು ಹಾಕಿದ ಹಾಗಿದೆ ಎಂದು ತಲೆದೂಗಿ ನನ್ನನ್ನು ಕೂರಿಸಿದರು. ಆಗ ನನಗೆ ಇಪ್ಪತ್ತೊಂದು.

ಕೂತ ಮೊದಲ ವರ್ಷವೇ ಒಂದು ತಿಳಿಯಿತು. ಊರಿನವರು ನನ್ನ ಮೇಲೆ ತೋರಿಸುವ ಪ್ರೀತಿಗೆಲ್ಲ ಒಂದು ಸಮಯವಿತ್ತು. ಪಾಳಿ ಇದ್ದವನು ನನ್ನ ಎದೆ ಮೆಲ್ಲಗಿರಲಿ ಎಂದು ಮಜ್ಜಿಗೆ ತರುತ್ತಿದ್ದ, ನೆರಳಿಗೆ ಚಪ್ಪರ ಕಟ್ಟುತ್ತಿದ್ದ, ತನ್ನ ಹೆಂಡತಿಯನ್ನು ಕಳಿಸಿ ನನ್ನ ಕಾಲು ಒತ್ತಿಸಿದ್ದೂ ಉಂಟು. ಅವನ ನಂತರದ ಪಾಳಿಯವನು ಅದೇ ಹೊತ್ತಿಗೆ ಬಂದು, "ಶೀಲವ್ವ, ನಿನ್ನ ನೋಡ್ಕಂಡು ಹೋದ್ರಲ್ಲ ಗಂಡಿನ ಕಡೆಯೋರು, ಅವ್ರು ಬ್ಯಾಡ ಅಂದ್ರಂತೆ ಕಣವ್ವ, ಯಾರೋ ಅಂತಿದ್ರು" ಎಂದು ಹೇಳಿ ಹೋಗುತ್ತಿದ್ದ. ನನ್ನ ಎದೆ ಹೊಡೆದುಕೊಂಡಷ್ಟೂ ತನಗಿಂತ ಮೊದಲಿನವನ ಪಾಳಿ ಬೇಗ ಮುಗಿಯುತ್ತದೆ, ಕತ್ತಲಾಗುವ ಮುಂಚೆ ತನ್ನದು ಸಿಗುತ್ತದೆ. ನಾನು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡರೆ ಅದೂ ಅವನಿಗೇ ಲಾಭ. ಹೀಗೆ ಆರು ವರ್ಷದಲ್ಲಿ ನಾನು ಯಾವ ಮಾತಿಗೂ ಅಲ್ಲಾಡದ ಹೆಂಗಸಾದೆ. ನನ್ನ ಜೊತೆಯವರು ಅದನ್ನು ಜಂಬ ಅಂದುಕೊಂಡರು.

ಎದೆ ಮೊದಲ ಸಲ ಹಾರಿದ್ದು ನನಗೆ ಇಪ್ಪತ್ತೇಳು ತುಂಬಿದ ವರ್ಷ, ಸಂಜೆ ಬಿಸಿಲಿನಲ್ಲಿ, ಒಂಬತ್ತನೆಯ ಗದ್ದೆಯ ಹಲಗೆ ಎತ್ತುವಾಗ. ಒಂಬತ್ತನೆಯ ಗಂಡಿ ಎಲ್ಲಕ್ಕಿಂತ ತಗ್ಗಿನಲ್ಲಿದೆ, ಮಂಡಿಯೂರಿ ನೆಲಕ್ಕೆ ಹಣೆ ತಾಗುವಷ್ಟು ಬಗ್ಗಬೇಕು. ಬಗ್ಗಿ ಎದ್ದೆ. ಎದೆಯೊಳಗೆ ಏನೋ ಒಂದು ಎಡವಿತು, ಎಡವಿದ್ದು ಬೀಳಲಿಲ್ಲ, ಓಡತೊಡಗಿತು. ಕುತ್ತಿಗೆಯ ನರ ಕಪ್ಪೆಯ ಗಂಟಲಿನ ಹಾಗೆ ಹಾರುತ್ತಿತ್ತು. ಅಂಗೈ ಬೆವರಿತು, ಕಣ್ಣಿನ ಅಂಚು ಮಂಕಾಯಿತು. ಕಲ್ಲಿನ ಮೇಲೆ ಕೂತು ಮಣಿಕಟ್ಟು ಹಿಡಿದೆ. ತುಟಿ ಅಲ್ಲಾಡಿಸಲು ಪುರುಸೊತ್ತಿಲ್ಲದಷ್ಟು ಬಡಿತ. ಎಣಿಸುವುದೋ ಬಿಡುವುದೋ? ಕಲ್ಲಿನ ಮೇಲೆ ಕೂತವರು ಬೆರಳಿಗೆ ಸಿಕ್ಕಿದ್ದನ್ನು ಎಣಿಸಬೇಕು, ಅಂದಾಜು ಮಾಡಬಾರದು ಎಂಬುದು ನೇಮ. ಹತ್ತು ಹತ್ತಾಗಿ ಗೆಣ್ಣಿನ ಮೇಲೆ ಎಣಿಸಿದೆ. ಬೀಜಗಳು ಆಲಿಕಲ್ಲಿನ ಹಾಗೆ ಬಿದ್ದವು. ನಲವತ್ತು ಮುಗಿದಾಗ ಹೊತ್ತು ಅಲ್ಲೇ ಇತ್ತು. ಹಲಗೆ ಇಳಿಸಿದ ಮೇಲೆ, ಶುರುವಾದ ಹಾಗೆಯೇ, ಯಾರೋ ಬಾಗಿಲು ಹಾಕಿದ ಹಾಗೆ ನಿಂತಿತು.

ಒಂಬತ್ತನೆಯ ಗದ್ದೆ ಬೋರಲಿಂಗನದು. ನಲವತ್ತೈದರ ಗಂಡಸು, ಒಣಕಲು ದೇಹ, ಮಾತಿಗಿಂತ ಬರವಣಿಗೆ ಹೆಚ್ಚು. ಊರಿನಲ್ಲಿ ಅರ್ಜಿ ಎಂದರೆ ಬೋರಲಿಂಗ, ಬೋರಲಿಂಗ ಎಂದರೆ ಅರ್ಜಿ. ಆ ಸಂಜೆ ಅವನು ಬದುವಿನ ಮೇಲೆ ನಿಂತು ನೀರನ್ನೂ ಸೂರ್ಯನನ್ನೂ ನೋಡಿದ. "ಏನ್ ಶೀಲವ್ವ, ಇವತ್ತು ನಂದು ಬಲು ಜಲ್ದಿ ಮುಗೀತು" ಎಂದ. "ನಲವತ್ತು ಬೀಜ ಬಿದ್ದವೆ, ನೋಡ್ಕೊ ಬೋರಲಿಂಗಣ್ಣ" ಎಂದೆ. ಅವನು ನಿಜವಾಗಿಯೂ ಕುಡಿಕೆ ಬಗ್ಗಿಸಿ ಎಣಿಸಿದ. ನಲವತ್ತಿದ್ದವು. ಕಿವಿಯ ಮೇಲಿದ್ದ ಪೆನ್ನು ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡು ಹೋದ. ಅದಕ್ಕೇ ನನಗೆ ಹೆದರಿಕೆಯಾಯಿತು.

ಮೇಲಿನ ಗದ್ದೆಗಳಿಗೆ ಬಗ್ಗುವಾಗ ಏನೂ ಆಗುತ್ತಿರಲಿಲ್ಲ. ವಾರಕ್ಕೆ ಒಂದು ಸಲವೋ ಎರಡು ಸಲವೋ, ಆದಾಗಲೆಲ್ಲ ಒಂಬತ್ತನೆಯದಕ್ಕೇ ಆಯಿತು. ಅವ್ವನಿಗೆ ಹೇಳಿದೆ. ಅವ್ವ ನನ್ನ ಕೈ ಹಿಡಿದು ನೋಡಿ, "ಏನೂ ಇಲ್ವಲ್ಲೇ, ಚೆಂದಾಗದೆ" ಎಂದಳು. ಆಗ ಚೆಂದಾಗಿಯೇ ಇತ್ತು. ಜೀರಿಗೆ ಕಷಾಯ ಕುಡಿಸಿದಳು. ಸೇತುವೆಯಾಚೆಯ ಊರಿನ ಡಾಕ್ಟರೊಬ್ಬರು ಇಸಿಜಿ ಮಾಡಿಸಿ, ಕಾಗದವನ್ನು ನನ್ನ ಮುಂದೆ ಹಿಡಿದು, ಶಾಲೆಯ ಮಕ್ಕಳಿಗೆ ತೋರಿಸಬಹುದಾದಷ್ಟು ಚೆನ್ನಾಗಿದೆ ಎಂದರು. ವಯಸ್ಸು ಕೇಳಿದರು, ಮದುವೆಯಾಗಿಲ್ಲ ಎಂದು ತಿಳಿದುಕೊಂಡರು, ಅವ್ವನ ಕಡೆ ತಿರುಗಿ, "ಬೇಗ ಒಂದು ಗಂಡು ನೋಡಿಮ್ಮ, ಎಲ್ಲ ಸರಿಹೋಗುತ್ತೆ" ಎಂದರು. ಅವ್ವನಿಗೆ ಅದಕ್ಕಿಂತ ಒಳ್ಳೆಯ ಡಾಕ್ಟರು ಈ ಲೋಕದಲ್ಲಿಲ್ಲ.

ಊರಿನಲ್ಲಿ ಬಾಯಿಬಿಡಲು ನನಗೆ ಧೈರ್ಯವಿರಲಿಲ್ಲ. ನನ್ನ ಕಾಯಿಲೆ ಕಣ್ಣಿಗೆ ಕಾಣುವಂಥದ್ದಲ್ಲ. ಮುಖ ಬಾಡಿಲ್ಲ, ಕೆಮ್ಮಿಲ್ಲ, ಎರಡು ಕೊಡ ಹೊತ್ತು ದಿಬ್ಬ ಹತ್ತುತ್ತೇನೆ. ಮುದುಕರು ಎದೆ ಹಿಡಿದುಕೊಂಡರೆ ಚಾಪೆ ಹಾಸುತ್ತಾರೆ; ನಾನು ಹಿಡಿದುಕೊಂಡರೆ ಯಾರ ಮೇಲೆ ಮನಸ್ಸಾಗಿದೆ ಎಂದು ಹುಡುಕುತ್ತಾರೆ. ಮತ್ತೊಬ್ಬ ಡಾಕ್ಟರಮ್ಮನ ಹತ್ತಿರ ಒಬ್ಬಳೇ ಹೋದೆ. ಡಾಕ್ಟರ್ ತಬಸ್ಸುಮ್, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರಿರಬಹುದು. ಅವರು ಮದುವೆಯ ವಿಷಯ ಕೇಳಲಿಲ್ಲ. "ಶುರುವಾಗೋದು ಹೇಗೆ, ನಿಧಾನಕ್ಕೋ, ತಟ್ಟಂತಲೋ?" ಎಂದು ಕೇಳಿದರು. ತಟ್ಟನೆ ಎಂದೆ. "ನಿಲ್ಲೋದು?" ಅದೂ ತಟ್ಟನೆ. ಪೆನ್ನು ಕೆಳಗಿಟ್ಟರು. "ನಂಗೆ ಅನುಮಾನ ಇದೆ. ಆದ್ರೆ ಓಡ್ತಿರುವಾಗ ಹಿಡೀಬೇಕು, ಹಿಡೀದೆ ಏನೂ ಬರೆಯೋಕಾಗಲ್ಲ" ಎಂದು ಎದೆಗೆ ತಂತಿ ಅಂಟಿಸಿ ಸೊಂಟಕ್ಕೆ ಒಂದು ಪೆಟ್ಟಿಗೆ ಕಟ್ಟಿದರು. ಎರಡು ದಿನ ಬಡಿತವನ್ನೆಲ್ಲ ಅದು ಬರೆದಿಡುತ್ತದಂತೆ, ಗಂಟೆ ನಿಮಿಷದ ಸಮೇತ. ಗಂಟೆ ನಿಮಿಷ ಎಂದಾಗಲೇ ನನಗೆ ಅರ್ಥವಾಗಬೇಕಿತ್ತು. ಸೇತುವೆ ದಾಟುತ್ತಲೇ ಪೆಟ್ಟಿಗೆ ಸತ್ತಿತು.

ಮತ್ತೆ ಹೋಗಿ ಪೆಟ್ಟಿಗೆ ಕಟ್ಟಿಸಿಕೊಂಡು ಎರಡು ದಿನ ಸೇತುವೆಯಾಚೆ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಬಗ್ಗಿ ಎದ್ದೆ. ಬಗ್ಗಿ ಬಗ್ಗಿ ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಗುಡಿಸಿದೆ. ಬಾವಿಯಿಂದ ನೀರು ಸೇದಿದೆ. ಚಿಕ್ಕಮ್ಮ ಇಂಥ ಸೊಸೆ ಸಿಗಬೇಕು ಎಂದು ನೆರೆಮನೆಯವರಿಗೆ ಹೇಳಿದಳು. ನನ್ನ ಎದೆ ನೆಂಟರ ಮನೆಗೆ ಬಂದ ಮಗುವಿನ ಹಾಗೆ ಬಲು ಸಭ್ಯವಾಗಿತ್ತು. ಎರಡು ದಿನದ ಕಾಗದದಲ್ಲಿ ಒಂದು ಬಡಿತವೂ ಸಾಲು ತಪ್ಪಿರಲಿಲ್ಲ. ಡಾಕ್ಟರಮ್ಮ, "ಬಂದಾಗ ಮುಖಕ್ಕೆ ತಣ್ಣೀರು ಹಾಕ್ಕೊಳ್ಳಿ, ಉಸಿರು ಬಿಗಿಹಿಡಿದು ಹೊಟ್ಟೆಯಿಂದ ಮುಕ್ಕಿ, ತಿಣುಕ್ತೀವಲ್ಲ ಹಾಗೆ, ಒಮ್ಮೊಮ್ಮೆ ನಿಲ್ಲುತ್ತೆ" ಎಂದು ಹೇಳಿಕೊಟ್ಟರು. ಪಾಳಿ ನಡೆಯುವಾಗ ತೂಬಿನವರು ನೀರು ಮುಟ್ಟುವಂತಿಲ್ಲ, ಆ ನೀರು ಪಾಳಿಯವನದು. ಉಳಿದದ್ದು ಮುಕ್ಕುವುದು. ಕಲ್ಲಿನ ಮೇಲೆ ಕೂತು ಮುಖ ಕೆಂಪಗೆ ಮಾಡಿಕೊಂಡು ಮುಕ್ಕುವ ಹೆಣ್ಣನ್ನು ದಾರಿಯಲ್ಲಿ ಹೋಗುವವರು ನಿಂತು ನೋಡಿದರು, ಎದೆಯ ಓಟ ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಬೋರಲಿಂಗನ ಅರ್ಜಿ ಕೆರೆ ಸಮಿತಿಗೆ ಬಂದಿತ್ತು. ಹನ್ನೊಂದು ಪುಟ. ಸಮಿತಿಯ ಅಧ್ಯಕ್ಷರು ತೋಪೇಗೌಡರು, ಮೂರನೆಯ ಗದ್ದೆಯವರು. ಚಾವಡಿಯಲ್ಲಿ ಕೂತು ಅವರೇ ಗಟ್ಟಿಯಾಗಿ ಓದಿಸಿದರು. ಮೇಲಿನ ಗದ್ದೆಯವರಿಂದ ಏನೋ ತಿಂದು, ಕೊನೆಯ ಗದ್ದೆಗೆ ಸುಳ್ಳು ಎಣಿಕೆ ಎಣಿಸಿ ತೂಬಿನ ಜಯಶೀಲ ಮೋಸ ಮಾಡುತ್ತಿದ್ದಾಳೆ ಎಂಬುದು ಅದರ ಸಾರ. ಮೋಸ ಸಾಬೀತಾದರೆ ಕಲ್ಲು ಹೋಗುತ್ತದೆ. ಹೋಗುವುದು ನನ್ನಿಂದ ಮಾತ್ರವಲ್ಲ, ನಮ್ಮ ಮನೆಯಿಂದ, ಎಂದೆಂದಿಗೂ. ಸತ್ತ ಅಪ್ಪನ ಇಪ್ಪತ್ತೆರಡು ವರ್ಷದ ಎಣಿಕೆಯನ್ನೂ ಸುಳ್ಳೆಂದು ಬರೆದುಕೊಳ್ಳುತ್ತಾರೆ. ನಾನು ಎದ್ದು, ಮೋಸವಲ್ಲ, ಎದೆಯ ಕಾಯಿಲೆ ಎಂದೆ.

ಚಾವಡಿಯಲ್ಲಿ ನಗು ಎದ್ದಿತು. "ಎದೆ ಕಾಯಿಲೆ ನಮ್ಮಂತೋರಿಗೆ ಬರಬೇಕು, ಬಂದಿಲ್ಲ" ಎಂದರು ತೋಪೇಗೌಡರು. "ನಿಂಗೆ ಈ ವಯಸ್ಸಲ್ಲಿ ಎಲ್ಲಿಂದ ಬತ್ತು?" ಹಿಂದಿನಿಂದ ಇನ್ನೊಬ್ಬ, "ಬೋರಲಿಂಗಣ್ಣನ ಪಾಳಿಗೇ ಬರ್ತದಾ ನಿನ್ನ ಕಾಯಿಲೆ? ಅದೂ ಪಾಳಿ ನೋಡ್ಕಂಡು ಬರ್ತದಾ?" ಎಂದ. ನಿಜ, ಅದು ಪಾಳಿ ನೋಡಿಕೊಂಡೇ ಬರುತ್ತಿತ್ತು. ಹೇಗೆ ಹೇಳುವುದು? ಕೊನೆಗೆ ತೋಪೇಗೌಡರು ದೊಡ್ಡ ಮನಸ್ಸು ಮಾಡಿದರು. "ಡಾಕ್ಟರ ಕೈಯಿಂದ ಕಾಯಿಲೆ ಅಂತ ಬರೆಸ್ಕಂಡು ಬಾ. ತಂದ್ರೆ ಕಾಯಿಲೆ. ತರದಿದ್ರೆ ಮೋಸ." ಬೋರಲಿಂಗ ಕೈ ಎತ್ತಿದ. "ಕಾಗದ ಯಾರು ಬೇಕಾದ್ರೂ ಬರೆಸ್ತಾರೆ. ನಾನೂ ಜೊತೇಲಿ ಹೋಯ್ತೀನಿ." ಅರ್ಜಿ ಬರೆಯುವವನಿಗೆ ಕಾಗದದ ಬೆಲೆ ಚೆನ್ನಾಗಿ ಗೊತ್ತು.

ಬಸ್ಸಿನಲ್ಲಿ ಅವನು ಗಂಡಸರ ಸೀಟಿನಲ್ಲಿ, ನಾನು ಹೆಂಗಸರ ಸೀಟಿನಲ್ಲಿ. ಸೇತುವೆ ದಾಟುವಾಗ ಡ್ರೈವರ್ ನಿಲ್ಲಿಸಿ ಮುಳ್ಳು ತಿರುಗಿಸಿದ. ನಾನು ನನ್ನ ಎದೆಗೆ ಒಳಗೊಳಗೇ ಕೈಮುಗಿದೆ. ಒಂದೇ ಒಂದು ಸಲ, ಆ ಡಾಕ್ಟರಮ್ಮನ ಮುಂದೆ, ಓಡು ಎಂದೆ. ಆರೋಗ್ಯ ಕೆಡಲಿ ಎಂದು ಬೇಡಿಕೊಂಡ ಹೆಣ್ಣು ಆ ಬಸ್ಸಿನಲ್ಲಿ ನಾನೊಬ್ಬಳೇ ಇದ್ದಿರಬೇಕು. ಆಸ್ಪತ್ರೆಯಲ್ಲಿ ಮತ್ತೆ ಇಸಿಜಿ ತೆಗೆದರು. ಮತ್ತೆ ಶಾಲೆಯ ಮಕ್ಕಳಿಗೆ ತೋರಿಸುವಂಥದ್ದು.

ಬೋರಲಿಂಗ ಅದನ್ನು ನೋಡಿ ಗಂಟಲು ಸರಿಮಾಡಿಕೊಂಡ. "ನೋಡಿ ಮೇಡಂ, ಕಾಯಿಲೆ ಇಲ್ಲ ಅಂತ ಇದೇ ಹೇಳ್ತದೆ. ಮೋಸಕ್ಕೆ ಲೆಕ್ಕ ನನ್ನ ಹತ್ರ ಅದೆ" ಎಂದು ಚೀಲದಿಂದ ಹನ್ನೊಂದು ಪುಟದ ನಕಲು ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಮರ್ಯಾದೆಗೆ ಒಂದು ಪುಟ ಓದಿದರು. ಎರಡನೆಯದನ್ನು ಓದುವಾಗ ಕನ್ನಡಕ ಹಾಕಿಕೊಂಡರು. ಮೂರನೆಯದಕ್ಕೆ ಬರುವ ಹೊತ್ತಿಗೆ ಹೊರಗೆ ಕಾಯುತ್ತಿದ್ದವರಿಗೆ ತಡವಾಗುತ್ತದೆ ಎಂದು ಹೇಳಿ ಕಳಿಸಿದರು.

ಬೋರಲಿಂಗ ಸುಮ್ಮನೆ ಆಪಾದನೆ ಬರೆದಿರಲಿಲ್ಲ. ಯುಗಾದಿಯಿಂದ ಈಚೆಗೆ ತನ್ನ ಪ್ರತಿ ಪಾಳಿಯಲ್ಲೂ ಅವನು ಬದುವಿನ ಮೇಲೆ ಕೂತು, ನಾನು ಎಣಿಸುವಾಗ ತಾನೂ ತನ್ನ ನಾಡಿ ಎಣಿಸಿದ್ದ. ನನ್ನ ಒಂದೊಂದು ಬೀಜ ಬಿದ್ದಾಗಲೂ ತನ್ನದು ಎಷ್ಟಾಯಿತು ಎಂದು ಬರೆದಿಟ್ಟಿದ್ದ. ಒಳ್ಳೆಯ ದಿನಗಳಲ್ಲಿ ನನ್ನ ನಲವತ್ತು ನೂರಕ್ಕೆ ಅವನದೂ ನಲವತ್ತರ ಹತ್ತಿರ. ಹದಿನಾಲ್ಕು ಪಾಳಿಗಳಲ್ಲಿ ನನ್ನ ನಲವತ್ತು ನೂರು ಮುಗಿದಾಗ ಅವನದು ಬರೀ ಹದಿನೈದು ನೂರು. ಒಂದು ಪಾಳಿಯಲ್ಲಂತೂ ಹನ್ನೊಂದನೆಯ ಬೀಜದವರೆಗೆ ಸರಿಯಾಗಿದ್ದದ್ದು ಹನ್ನೆರಡಕ್ಕೆ ಏಕಾಏಕಿ ಬದಲಾಗಿ, ಮೂವತ್ತಮೂರಕ್ಕೆ ಏಕಾಏಕಿ ಸರಿಹೋಗಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ: "ಇಲ್ಲಿಂದ ಕಳ್ಳತನ ಶುರು. ಇಲ್ಲಿಗೆ ಮುಗಿಯಿತು."

"ಕೈ ಕೊಡಿ" ಎಂದರು ಡಾಕ್ಟರಮ್ಮ. ನಾನು ಚಾಚಿದೆ. "ನಿಮ್ಮದಲ್ಲ, ಇವರದು." ಬೋರಲಿಂಗನ ನಾಡಿಯನ್ನು ಗೋಡೆಯ ಗಡಿಯಾರ ನೋಡಿಕೊಂಡು ಎಣಿಸಿದರು. ನಿಮಿಷಕ್ಕೆ ಎಪ್ಪತ್ತೆರಡು. ಐದು ನಿಮಿಷ ಬಿಟ್ಟು ಮತ್ತೆ, ಎಪ್ಪತ್ತೆರಡು. ಮೆಟ್ಟಿಲು ಹತ್ತಿಸಿ ಇಳಿಸಿ, ಕೂರಿಸಿ ಮತ್ತೆ ನೋಡಿದರು. ಎಪ್ಪತ್ತೆರಡಕ್ಕೇ ಬಂದು ನಿಂತಿತು. ಆಮೇಲೆ ಅರ್ಜಿಯ ಬೆನ್ನಿನ ಮೇಲೆಯೇ ಗುಣಿಸಿ ಭಾಗಿಸಿದರು. "ಇವರ ಹದಿನೈದು ನೂರಕ್ಕೆ ನಿಮ್ಮದು ನಾಲ್ಕು ಸಾವಿರ. ಅಂದ್ರೆ ನಿಮಿಷಕ್ಕೆ ನೂರ ತೊಂಬತ್ತೆರಡು. ತಟ್ಟಂತ ಶುರು, ತಟ್ಟಂತ ಕೊನೆ. ಹೆದರಿಕೆಗೆ ಎದೆ ಹೀಗೆ ಓಡಲ್ಲ." ಬೋರಲಿಂಗನ ಕಡೆ ತಿರುಗಿ, "ಇಷ್ಟು ಚೆನ್ನಾಗಿ ನಮ್ಮ ಪೆಟ್ಟಿಗೆಯೂ ಬರೆಯೋದಿಲ್ಲ ಕಣ್ರೀ" ಎಂದರು.

ಬೋರಲಿಂಗನಿಗೆ ಹೊಗಳಿಕೆ ಹಿಡಿಸಿತು, ಆದರೆ ಹೊಗಳಿಕೆ ಯಾವ ಕಡೆ ಹರಿಯುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಹಂಗಾರೆ ಇದು ಮೋಸಕ್ಕೆ ಪುರಾವೆ ಅಲ್ವಾ?" "ಕಾಯಿಲೆಗೆ ಪುರಾವೆ." ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಎದೆಯಲ್ಲಿ ಬಡಿತದ ಅಪ್ಪಣೆ ಇಳಿಯುವುದಕ್ಕೆ ಒಂದು ದಾರಿ ಇರಬೇಕು, ನನಗೆ ಹುಟ್ಟಿನಿಂದಲೇ ಪಕ್ಕದಲ್ಲಿ ಕೂದಲೆಳೆಯಷ್ಟು ಇನ್ನೊಂದು ದಾರಿಯಿದೆ, ಇಳಿದದ್ದು ಅಲ್ಲಿಂದ ಮೇಲೆ ಹತ್ತಿ ಮತ್ತೆ ಇಳಿಯುತ್ತ ಸುತ್ತು ಹಾಕುತ್ತದೆ. ನನಗೆ ಅರ್ಧ ಅರ್ಥವಾಯಿತು. ಬೋರಲಿಂಗನಿಗೆ ಪೂರ್ತಿ. "ಕಾಲುವೆಗೆ ಕಳ್ಳಗಂಡಿ ಬಿದ್ದದೆ ಅನ್ನಿ. ಮುಚ್ಚಿಬುಟ್ರೆ ಆಯ್ತು" ಎಂದ. ಮುಚ್ಚಬಹುದು ಎಂದರು ಅವರು, ತೊಡೆಯ ನರದಿಂದ ತಂತಿ ತೂರಿಸಿ ಆ ಗಂಡಿಯನ್ನು ಸುಟ್ಟುಬಿಡುತ್ತಾರಂತೆ. ಅಷ್ಟನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ವಾಪಸು ಬಂದು ಬೋರಲಿಂಗ ಬಸ್ಸು ಇಳಿಯುವಾಗ, "ಕೆಂಪು ಶಾಯೀಲಿ ಬರೀಬಾರದಿತ್ತು" ಎಂದಷ್ಟೇ ಹೇಳಿದ.

ಮಳೆಗಾಲ ಕಳೆದು ದೊಡ್ಡಾಸ್ಪತ್ರೆಯಲ್ಲಿ ಗಂಡಿ ಮುಚ್ಚಿದರು. ಎಚ್ಚರವಾಗಿಯೇ ಮಲಗಿದ್ದೆ. ಅವರು ಬೇಕೆಂದೇ ಎದೆಯನ್ನು ಓಡಿಸಿದರು, ಇಷ್ಟು ದಿನ ಕರೆದರೂ ಬರದಿದ್ದದ್ದು ಅಪರಿಚಿತರು ತಂತಿಯಿಂದ ಮುಟ್ಟಿದ ಕೂಡಲೇ ಬಂತು, ಆಮೇಲೆ ನಿಂತಿತು. ಹದಿನೈದು ದಿನ ಬಿಟ್ಟು ಊರಿಗೆ ಬಂದರೆ ಕಲ್ಲಿನ ಮೇಲೆ ಬೋರಲಿಂಗ ಕೂತಿದ್ದ. ನಾನಿಲ್ಲದಾಗ ಯಾರಾದರೂ ಎಣಿಸಬೇಕಿತ್ತು, ಇಡೀ ಊರಿನಲ್ಲಿ ಗಡಿಯಾರ ಹಿಡಿದು ಡಾಕ್ಟರು ಸೈ ಎಂದಿದ್ದ ನಾಡಿ ಅದೊಂದೇ. ಚಾವಡಿಗೆ ಹೋಗಿ ನನ್ನ ಕಲ್ಲು ಕೇಳಿದೆ. ತೋಪೇಗೌಡರು ಮೀಸೆ ಸವರಿದರು. "ಮೋಸ ಅಲ್ಲ ಅಂತ ಒಪ್ಕೊಂಡಿದ್ದೀವಲ್ಲವ್ವ. ಆದ್ರೆ ರಿಪೇರಿ ಆದ ಎದೆ. ಮತ್ತೆ ಯಾವಾಗ ಕೈ ಕೊಡ್ತದೋ. ಊರಿನ ನೀರಿನ ವಿಷಯ." ಕಾಯಿಲೆ ಇದ್ದಾಗ ಇಲ್ಲ ಎಂದಿದ್ದರು, ಹೋದ ಮೇಲೆ ಇದೆ ಎಂದರು.

ಒಂದು ತಿಂಗಳು ಮನೆಯಲ್ಲಿ ಕೂತೆ. ಅವ್ವನಿಗೆ ಅನ್ನ ಇಳಿಸುವ ಹೊತ್ತು ಹೇಳುವುದೊಂದೇ ಕೆಲಸ. ಬೋರಲಿಂಗನ ಎಣಿಕೆ ಎಂಟು ಗದ್ದೆಗೂ ಬಂಗಾರದಂತಿದೆ ಎಂದು ಊರೆಲ್ಲ ಹೊಗಳಿತು. ಒಂಬತ್ತನೆಯದು ಅವನದೇ. ತನ್ನ ಗದ್ದೆಗೆ ತಾನೇ ಎಣಿಸುವಾಗ ಎಂಟು ಜನ ಸುತ್ತ ನಿಂತು ಅವನ ಬೆರಳನ್ನೇ ನೋಡುತ್ತಿದ್ದರಂತೆ, ಒಂದು ಬೀಜ ತಡವಾದರೆ ಕೆಮ್ಮುತ್ತಿದ್ದರಂತೆ. ಅವನ ಎಪ್ಪತ್ತೆರಡು ಆಗ ಒಂದೂವರೆ ಪಟ್ಟಾಗಿ ಓಡುತ್ತಿತ್ತಂತೆ. ಅವನ ಹೆಂಡತಿ ನಮ್ಮ ಮನೆಗೆ ಬಂದು, "ನೀನಿದ್ದಾಗ ವಾರಕ್ಕೊಂದು ಪಾಳಿ ಹೋಗ್ತಿತ್ತು ಶೀಲವ್ವ, ಈಗ ಎಲ್ಲ ಪಾಳೀನೂ ಹೋಗ್ತದೆ" ಎಂದು ಅತ್ತಳು.

ಒಂದು ಸಂಜೆ ಕೆರೆಯ ಕಡೆಯಿಂದ ಕೂಗಾಟ ಕೇಳಿಸಿತು. ಹೋಗಿ ನೋಡಿದರೆ ಬೋರಲಿಂಗ ಎದ್ದು ನಿಂತಿದ್ದಾನೆ. ಎದ್ದ ರಭಸಕ್ಕೆ ಕುಡಿಕೆ ಉರುಳಿ ಬೀಜಗಳೆಲ್ಲ ಚೆಲ್ಲಿವೆ. ಒಂಬತ್ತನೆಯ ಹಲಗೆ ಎತ್ತಿದೆ, ನೀರು ಅವನ ಗದ್ದೆಗೆ ಹರಿಯುತ್ತಿದೆ, ಕಲ್ಲು ಖಾಲಿ. ಇಂಥದ್ದು ಊರಿನಲ್ಲಿ ಯಾವತ್ತೂ ನಡೆದಿರಲಿಲ್ಲ. "ನನ್ನ ಕೈಲಾಗಲ್ಲ, ಎದೆ ಹೊಡ್ಕತ್ತದೆ" ಎಂದು ಅವನು ದೂರ ಹೋಗಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತ. ಹಲಗೆ ಇಳಿಸೋಣವೆಂದರೆ ಎಣಿಕೆ ಮುಗಿಯದೆ ಯಾರೂ ಇಳಿಸುವಂತಿಲ್ಲ. ಎಣಿಸುವವರಿಲ್ಲದೆ ಎಣಿಕೆ ಮುಗಿಯುವುದಿಲ್ಲ. ಎಂಟು ಗದ್ದೆಯವರೂ ಒಬ್ಬರಿಗೊಬ್ಬರು ನೀನು ಕೂತ್ಕೊ, ಬೇಡ ಅವನು ಬೇಡ ಎಂದು ವಾದಿಸುತ್ತಿದ್ದರು, ವಾದದ ಉದ್ದಕ್ಕೂ ನೀರು ಪುಕ್ಕಟೆ ಹೋಗುತ್ತಿತ್ತು. ತೋಪೇಗೌಡರ ಕಣ್ಣಿಗೆ ನಾನು ಬಿದ್ದೆ.

"ಬಾರವ್ವ, ಬಾ, ಕೂತ್ಕೊ" ಎಂದರು. "ರಿಪೇರಿ ಎದೆ ಗೌಡ್ರೇ" ಎಂದೆ. "ಅಯ್ಯೋ, ರಿಪೇರಿ ಆದ ಮೇಲೆ ಹೊಸದೇ ಅಲ್ವೇನವ್ವ. ಕೂತ್ಕೊ ಮೊದ್ಲು." "ಇವತ್ತಿಗೋ, ಮುಂದಕ್ಕೂನೋ?" ಅವರು ನೀರಿನ ಕಡೆ ನೋಡಿದರು. "ಮುಂದಕ್ಕೂನೂ. ಎಲ್ಲಾರೂ ಕೇಳಿಸ್ಕೊಂಡ್ರೇನ್ರಯ್ಯ?" ಕೇಳಿಸಿಕೊಂಡೆವು ಎಂದು ಉಳಿದ ಏಳು ಜನರೂ ಒಂದೇ ಉಸಿರಿಗೆ ಹೇಳಿದರು.

ಬೀಜಗಳನ್ನು ಆರಿಸಿಕೊಳ್ಳಬೇಕಿತ್ತು. ಅವು ಒಂಬತ್ತನೆಯ ಗಂಡಿಯ ಹತ್ತಿರದ ತಗ್ಗಿನಲ್ಲಿ, ಹುಲ್ಲಿನ ನಡುವೆ ಚೆಲ್ಲಿದ್ದವು. ಮಂಡಿಯೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದೊಂದಾಗಿ ಆರಿಸಿದೆ. "ಬೇಗ, ಬೇಗ ಕಣವ್ವ" ಎಂದು ಮೇಲೆ ನಿಂತವರು ಒದ್ದಾಡಿದರು. ಬದುವಿನ ಮೇಲೆ ಬೋರಲಿಂಗ ನಗು ಬರದ ಹಾಗೆ ತುಟಿ ಬಿಗಿಹಿಡಿದು, ತುಂಬುತ್ತಿದ್ದ ತನ್ನ ಗದ್ದೆಯನ್ನೇ ನೋಡುತ್ತಿದ್ದ. ನಲವತ್ತನೆಯ ಬೀಜ ಸಿಕ್ಕಿದ ಮೇಲೆ ಎದ್ದೆ. ಎದ್ದು, ಎಡವುವುದನ್ನು ಕಾದೆ. ಒಂದು ವರ್ಷ, ಇಲ್ಲಿ ಬಗ್ಗಿ ಎದ್ದಾಗಲೆಲ್ಲ, ಹೀಗೆಯೇ ಕಾದಿದ್ದೆ. ಏನೂ ಎಡವಲಿಲ್ಲ. ಸೆರಗು ಸರಿಮಾಡಿಕೊಂಡು ಕಲ್ಲಿನ ಮೇಲೆ ಕೂತೆ, ಮಣಿಕಟ್ಟಿಗೆ ಬೆರಳಿಟ್ಟೆ, ಅದು ಒಂದು ಹೊಡೆದು, ಬಿಡುವು ಕೊಟ್ಟು, ಇನ್ನೊಂದು ಹೊಡೆಯಿತು. ಒಂಬತ್ತನೆಯ ಗದ್ದೆಗೆ ನೀರು ಹರಿಯುತ್ತಿತ್ತು, ಇನ್ನೂ ನಾಲ್ಕಾರು ಬಡಿತ ಎಣಿಸದೆ ಬರೀ ಕೇಳಿಸಿಕೊಂಡೆ. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಒಂದು ಎಂದೆ.